ಬಸಿಕೊಳವೆಯ ಬಾಯಿಗೆ ಹುಲ್ಲಿನ ಸಿಂಬೆ

ಗದ್ದೆ ಬೆಳ್ಳಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಕಣ್ಣಾರೆ ನೋಡಬೇಕಿದ್ದವರು ಆ ಬೇಸಿಗೆಯಲ್ಲಿ ಕೆರಗೋಡಿನ ಆಚೆಗಿರುವ ಆ ಒಂದು ಎಕರೆಗೆ ಬರಬೇಕಿತ್ತು. ಮೇಲೆ ನಾಲೆ, ನಾಲೆಯ ಕೆಳಗೆ ಕಬ್ಬು, ಕಬ್ಬಿನ ಕೆಳಗೆ ಈ ಗದ್ದೆ. ಮೇಲಿನವರು ಕಟ್ಟಿದ ನೀರೆಲ್ಲ ಮಣ್ಣಿನೊಳಗೇ ಇಳಿದು ಬಂದು ಇಲ್ಲಿ ನಿಲ್ಲುತ್ತಿತ್ತು. ಮುಂದೆ ಹೋಗಲು ದಾರಿಯಿಲ್ಲದೆ ಮೇಲಕ್ಕೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮಾತ್ರ ಬಿಟ್ಟು ಹೋಗುತ್ತಿತ್ತು. ಕಾಲಿಟ್ಟರೆ ಮೇಲೆ ಬಿಳಿ ಪುಡಿ, ಒಳಗೆ ಕೆಸರು. ಎರಡು ವರ್ಷದಿಂದ ಅಲ್ಲಿ ನೆಟ್ಟ ಭತ್ತ ಗೇಣುದ್ದ ಬೆಳೆದು ಹಳದಿಯಾಗಿ ನಿಂತುಬಿಡುತ್ತಿತ್ತು.

ನಾನು ಮೊದಲ ಸಲ ಹೋದ ದಿನ ಇಬ್ಬರು ಗಂಡಸರು ಹಗ್ಗ ಹಿಡಿದು ಅದೇ ಗದ್ದೆಯನ್ನು ಅಳೆಯುತ್ತಿದ್ದರು. ನಾಲ್ಕು ಮೂಲೆಗೂ ಗೂಟ ಹೊಡೆದಾಗಿತ್ತು. ಒಬ್ಬ ಇಟ್ಟಿಗೆ ಗೂಡಿನವನು, ಇನ್ನೊಬ್ಬ ಗದ್ದೆಯ ಒಡತಿಯ ಮೈದುನ. ಒಡತಿ ಅರವತ್ತು ದಾಟಿದ ಹೆಂಗಸು, ಗಂಡನಿಲ್ಲ. ಈ ಒಂದು ಎಕರೆ ಬಿಟ್ಟರೆ ಬೇರೆ ನೆಲವೂ ಇಲ್ಲ. ಅವರನ್ನು ಇಲ್ಲಿ ಗದ್ದೆಯಮ್ಮ ಎಂದು ಕರೆಯುತ್ತೇನೆ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅಳತೆ ನೋಡುತ್ತಿದ್ದರು.

"ಬತ್ತಕ್ಕಾಗ್ದಿರೋ ಮಣ್ಣು ಇಟ್ಗೆಗಾಯ್ತದಂತೆ ಕಣವ್ವ. ಮ್ಯಾಲಿನ್ ಒಂದಡಿ ಉಪ್ಪು ತೆಗ್ದಾಕ್ಬುಟ್ರೆ ಕೆಳ್ಗಡೆ ಜೇಡಿ ಬೋ ಸೆಂದಾಗದಂತೆ. ಆಳುದ್ದ ಅಗೀತಾರಂತೆ."

ಆಳುದ್ದ ಅಗೆದ ಮೇಲೆ ಅದು ಗದ್ದೆಯಲ್ಲ, ಹೊಂಡ. ಅದು ಅವರಿಗೂ ಗೊತ್ತಿತ್ತು. ನಾನು ಮೈದುನನಿಗೆ ಹೇಳಿದೆ: ಇಲ್ಲಿ ಮಣ್ಣಿನೊಳಗೆ ಬಸಿಕೊಳವೆ ಹೂಳುವ ಯೋಜನೆ ಬಂದಿದೆ, ಒಂದು ಬೆಳೆಗೆ ಕಾಯಿರಿ. ಅವನು ಒಪ್ಪಿದ, ಆದರೆ ಷರತ್ತು ಹಾಕಿ ಒಪ್ಪಿದ. "ಈ ಕಾರ್ ನೋಡಾನ ಅತ್ಗೆ. ಪೈರು ನಿಂತ್ರೆ ನಿನ್ ಗದ್ದೆ ನಿಂಗೆ. ನಿಲ್ದಿದ್ರೆ ಮಣ್ಣಿಗ್ ಕೊಟ್ಬುಡು." ಗೂಟಗಳನ್ನು ಮಾತ್ರ ಕೀಳಲಿಲ್ಲ. ಅದನ್ನು ನಾನು ಗಮನಿಸಿದೆ.

ಗಮನಿಸುವುದು ನನ್ನ ಕಾಯಿಲೆ. ಮದ್ದೂರಿನ ನಮ್ಮ ಮನೆಯಲ್ಲಿ ಅದಕ್ಕೆ ಅನುಮಾನ ಎನ್ನುತ್ತಾರೆ. ವಡೆಯನ್ನೂ ಮುರಿದು ಒಳಗೇನಿದೆ ಎಂದು ನೋಡಿಯೇ ಬಾಯಿಗಿಡುವವಳು ಎಂದು ನನ್ನ ಗಂಡ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ಎಂಜಿನಿಯರ್ ಆದವಳಿಗೆ ಅದು ಅವಗುಣವಲ್ಲ ಎಂದು ನಾನು ನಂಬಿಕೊಂಡಿದ್ದೆ. ಈ ಕೆಲಸದ ಮೊದಲ ವಾರವೇ ಆ ನಂಬಿಕೆಗೆ ಪುಷ್ಟಿಯೂ ಸಿಕ್ಕಿತು.

ಬಸಿಕೊಳವೆ ಎಂದರೆ ಮೂರಿಂಚಿನ ಸುರುಳಿ ಪೈಪು. ಮೈತುಂಬ ಸಣ್ಣ ಸೀಳುಗಳು, ಮೇಲೆ ಬಿಳಿ ಬಟ್ಟೆಯ ಹೊದಿಕೆ. ನೀರು ಬಟ್ಟೆಯಲ್ಲಿ ಸೋಸಿ ಒಳಗೆ ಬರಬೇಕು, ಮಣ್ಣು ಹೊರಗೇ ಉಳಿಯಬೇಕು. ಗುತ್ತಿಗೆದಾರ ತಂದಿಳಿಸಿದ ಸುರುಳಿಗಳನ್ನು ನಾನು ಒಂದೊಂದಾಗಿ ಬಿಚ್ಚಿಸಿದೆ. ಮೇಲಿನ ಸುತ್ತಿನಲ್ಲಿ ದಪ್ಪವಾಗಿದ್ದ ಬಟ್ಟೆ ಎರಡು ಸುರುಳಿಗಳಲ್ಲಿ ಒಳಗೆ ಹೋದಂತೆ ಸೊಳ್ಳೆಪರದೆಯಷ್ಟು ತೆಳ್ಳಗಾಗಿತ್ತು. ಎರಡನ್ನೂ ವಾಪಸ್ ಕಳಿಸಿದೆ. ಗುತ್ತಿಗೆದಾರನ ಮೇಸ್ತ್ರಿ ತಲೆ ಕೆರೆದುಕೊಂಡು, "ಇಂಗೆ ಕೊನೆತಂಕ ಬಿಚ್ಚಿ ನೋಡ್ದೋರು ನೀವೇ ಮೊದ್ಲು ಕಣ್ ಮೇಡಮ್ಮೋರೆ" ಎಂದ. ನನಗೆ ಬಹಳ ಸಂತೋಷವಾಯಿತು. ಅನುಮಾನ ಒಮ್ಮೆ ನಿಜವಾದರೆ ನಾಲಿಗೆಗೆ ಅದರ ರುಚಿ ಹತ್ತಿಬಿಡುತ್ತದೆ.

ನಾಲೆಯಲ್ಲಿ ನೀರಿಲ್ಲದ ತಿಂಗಳುಗಳಲ್ಲೇ ಅಗೆತ ಮುಗಿಯಬೇಕಿತ್ತು. ಅರವತ್ತು ಅಡಿಗೊಂದರಂತೆ ಸಾಲು, ಮೂರೂವರೆ ಅಡಿ ಆಳ, ನೂರು ಅಡಿ ಹೋಗುವಷ್ಟರಲ್ಲಿ ಎರಡೂವರೆ ಇಂಚು ಇಳಿಜಾರು. ಅದಕ್ಕಿಂತ ಕಡಿಮೆಯಾದರೆ ನೀರು ಹರಿಯದು. ನಡುವೆ ಒಂದು ಕಡೆ ತಗ್ಗಿದರೂ ಅಲ್ಲಿ ಹೂಳು ಕೂರುತ್ತದೆ. ನಾನು ಮೂರುಕಾಲಿನ ಮೇಲೆ ಮಟ್ಟದ ಯಂತ್ರ ಇಟ್ಟು ಪ್ರತಿ ಹತ್ತು ಅಡಿಗೂ ಅಳತೆಗೋಲು ಹಿಡಿಸಿ ಓದಿದೆ. ಎರಡನೆಯ ಸಾಲು ಅರ್ಧ ಮುಗಿದಾಗ ಬದಿ ಕುಸಿದು ಚರಂಡಿ ಮುಚ್ಚಿಹೋಯಿತು. ಒಳಗಿನ ಮಣ್ಣು ಅಷ್ಟು ನೆನೆದಿತ್ತು. ಜೆಸಿಬಿಯನ್ನು ಹಿಂದಕ್ಕೆ ಕರೆಸಿ, ಒಂದು ಸಲಕ್ಕೆ ಮೂವತ್ತು ಅಡಿಯಷ್ಟೇ ಅಗೆದು, ಪೈಪು ಹಾಕಿ, ಕೂಡಲೇ ಮುಚ್ಚುತ್ತಾ ಹೋದೆವು. ಎಂಟು ದಿನದ ಕೆಲಸ ಇಪ್ಪತ್ತು ದಿನ ಹಿಡಿಯಿತು.

ಸಾಲುಗಳೆಲ್ಲ ಬಂದು ಸೇರುವುದು ಗದ್ದೆಯ ಕೆಳಬದುವಿನ ಒಂದು ಚೇಂಬರಿಗೆ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ ಮಾಡಿದ ಐದಡಿಯ ಗುಂಡಿ ಅದು, ಮೇಲೊಂದು ಮುಚ್ಚಳ. ಅಲ್ಲಿಂದ ನಾಲ್ಕಿಂಚಿನ ಒಂದೇ ಪೈಪು ಕೆಳಗಿನ ಗದ್ದೆಯ ಅಡಿಯಲ್ಲಿ ಹಾದು ಹಳ್ಳದ ದಂಡೆಯಲ್ಲಿ ಬಾಯಿ ತೆರೆಯುತ್ತದೆ. ಆ ಕೆಳಗಿನ ಗದ್ದೆ ಇನ್ನೊಬ್ಬರದು. ಅವರನ್ನು ಕೆಳಗದ್ದೆಯ ಯಜಮಾನರು ಎನ್ನೋಣ. ಪೈಪಿಗೆ ದಾರಿ ಕೊಡಲು ಅವರು ತಿಂಗಳುಗಟ್ಟಲೆ ಒಪ್ಪಿರಲಿಲ್ಲ.

"ಅವರ್ ಗದ್ದೆ ಉಪ್ನೀರು ನನ್ ಗದ್ದೆ ಒಟ್ಟೇಲಿ ಓಯ್ತದೆ ಅಂತೀರಿ. ಪೈಪ್ ಸೀಳಿದ್ರೆ ಯಾರ್ ಗತಿ?"

"ಸೀಳುವುದಿಲ್ಲ ಯಜಮಾನರೇ. ನಿಮ್ಮಲ್ಲಿ ಹಾಯುವ ಪೈಪಿಗೆ ತೂತೇ ಇರುವುದಿಲ್ಲ."

"ಅದ ನೀವ್ ಯೋಳ್ತೀರಿ."

ಕೊನೆಗೆ ಒಂದು ತುಂಡು ಪೈಪಿಗೆ ನೀರು ತುಂಬಿಸಿ, ಎರಡೂ ಬಾಯಿ ಕಟ್ಟಿಸಿ, ಒಂದು ದಿನ ಪೂರ್ತಿ ತಮ್ಮ ಜಗಲಿಯ ಮೇಲೆ ಇಟ್ಟುಕೊಂಡು ನೋಡಿ ಸಹಿ ಹಾಕಿದರು. ಆ ಸಹಿಯ ಮೇಲೂ ನನಗೆ ಅನುಮಾನ. ಇಷ್ಟು ಸತಾಯಿಸಿದವರು ಮನಸಾರೆ ಒಪ್ಪಿರಲಾರರು ಎಂದು ಅಂದೇ ಲೆಕ್ಕ ಹಾಕಿಟ್ಟುಕೊಂಡೆ.

ಹಾಗಾಗಿ ಚೇಂಬರಿನ ಬಗ್ಗೆ ನಾನು ಯಾರಿಗೂ ವಿವರಿಸಲಿಲ್ಲ. ಇದು ಮರೆವಲ್ಲ, ಬೇಕೆಂದೇ ಮಾಡಿದ್ದು. ಯಾವ ಬಾಯಿ ಮುಚ್ಚಿದರೆ ಇಡೀ ಏರ್ಪಾಟು ಕೆಡುತ್ತದೆ ಎಂದು ಊರಿಗೆ ತಿಳಿದರೆ ಯಾರಾದರೂ ಅದನ್ನೇ ಮುಚ್ಚುತ್ತಾರೆ ಎಂಬುದು ನನ್ನ ತರ್ಕ. ಮುಚ್ಚಳದ ಮೇಲೆ ಮಣ್ಣು ಎಳೆಸಿದೆ. ಗದ್ದೆಯಮ್ಮನಿಗೂ ಹೇಳಿದ್ದು ಇಷ್ಟೇ: "ನಾಲೆಗೆ ನೀರು ಬಂದ ಮೇಲೆ ಬದು ಗಟ್ಟಿ ಮಾಡಿ, ಗದ್ದೆ ತುಂಬ ನೀರು ನಿಲ್ಲಿಸಿ. ಉಪ್ಪು ಕರಗಿ ಹೋಗುತ್ತದೆ. ಕೆಳಗಿನದು ನನಗೆ ಬಿಡಿ."

"ಆಗ್ಲಿ ಕಣವ್ವ. ನೀರ್ ನಿಲ್ಸೋದ ನನಗ್ ಯೋಳ್ಕೊಡ್ಬೇಕಾ" ಎಂದು ಅವರು ನಕ್ಕರು.

ನಾಲೆಗೆ ನೀರು ಬಂತು. ಗದ್ದೆ ತುಂಬಿತು. ಮೂರನೆಯ ದಿನ ಹಳ್ಳದ ದಂಡೆಯ ಪೈಪಿನಿಂದ ತೋಳಿನಷ್ಟು ದಪ್ಪ ನೀರು ಬೀಳುತ್ತಿತ್ತು. ಉಪ್ಪಿನಂಶ ಅಳೆಯುವ ಪೆನ್ನಿನಂಥ ಯಂತ್ರವನ್ನು ಅದರಲ್ಲಿ ಅದ್ದಿದರೆ ಅಂಕಿ ನಾಲೆಯ ನೀರಿನ ಹಲವು ಪಟ್ಟು ಏರಿತು. ಅಂದರೆ ಗದ್ದೆಯ ಉಪ್ಪು ಹೊರಗೆ ಬರುತ್ತಿದೆ. ನಾನು ಅಂದು ಕೆರಗೋಡಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಐದು ದಿನ ಬಿಟ್ಟು ಹೋದೆ. ಪೈಪಿನ ಬಾಯಲ್ಲಿ ಹನಿ ಹನಿ ತೊಟ್ಟಿಕ್ಕುತ್ತಿತ್ತು.

ಮೊದಲು ನನ್ನ ಮಟ್ಟದ ಮೇಲೇ ಅನುಮಾನಪಟ್ಟು ಪುಸ್ತಕದ ಅಂಕಿಗಳನ್ನೆಲ್ಲ ತಿರುಗಿ ಕೂಡಿದೆ, ಸರಿಯಿತ್ತು. ಆಮೇಲೆ ಬಟ್ಟೆಯ ಮೇಲೆ ಅನುಮಾನ ಬಂದು ಒಳನೀರಿನ ಮಟ್ಟ ನೋಡಲು ಸಾಲುಗಳ ಪಕ್ಕದಲ್ಲೂ ನಡುವೆಯೂ ಇಳಿಸಿದ್ದ ಅಳತೆ ಕೊಳವೆಗಳಿಗೆ ಟೇಪು ಬಿಟ್ಟು ನೋಡಿದೆ. ಸಾಲಿನ ಪಕ್ಕದಲ್ಲೂ ನಡುವಿನಲ್ಲೂ ನೀರು ಒಂದೇ ಎತ್ತರಕ್ಕಿತ್ತು. ಅಂದರೆ ಸಾಲುಗಳು ನೀರು ಎಳೆಯುತ್ತಿಲ್ಲ. ಬಟ್ಟೆಯ ಕಣ್ಣು ಮುಚ್ಚಿಹೋಗಿದ್ದರೆ ಚೇಂಬರು ಖಾಲಿ ಇರಬೇಕು. ಮುಚ್ಚಳ ತೆಗೆಸಿದರೆ ಚೇಂಬರು ಕುತ್ತಿಗೆಯವರೆಗೆ ತುಂಬಿ ನಿಂತಿತ್ತು. ಅಲ್ಲಿಗೆ ಉಳಿದದ್ದು ಒಂದೇ. ಚೇಂಬರಿನಿಂದ ಹೊರಗೆ ಹೋಗುವ ಬಾಯಿಯೇ ಕಟ್ಟಿದೆ.

ಮೇಸ್ತ್ರಿ ತೆಂಗಿನಕಾಯಿ ಕೀಳುವ ದೋಟಿಯನ್ನು ಒಳಗಿಳಿಸಿ ತಡಕಾಡಿ ಎಳೆದ. ದೋಟಿಯ ಕೊಕ್ಕೆಗೆ ಸಿಕ್ಕಿ ಬಂದದ್ದು ಒಂದು ಹುಲ್ಲಿನ ಮುದ್ದೆ. ಬೆನ್ನಿಗೇ ಚೇಂಬರಿನ ನೀರು ಗುಳುಗುಳು ಎಂದು ಇಳಿಯತೊಡಗಿತು.

ಆ ಮುದ್ದೆಯನ್ನು ಬದುವಿನ ಮೇಲಿಟ್ಟು ನೋಡಿದೆ. ತಾನಾಗಿ ಬಂದು ಸಿಕ್ಕಿಕೊಂಡ ಕಸ ಅದಲ್ಲ. ಭತ್ತದ ಹುಲ್ಲನ್ನು ನುಲಿದು ಸುತ್ತಿ, ಸಂದಿಗೆಲ್ಲ ಕರಿ ಜೇಡಿ ಮೆತ್ತಿ, ಪೈಪಿನ ಬಾಯಿಗೆ ಸರಿಯಾಗಿ ಕೂರುವಂತೆ ಯಾರೋ ಕೂತು ಮಾಡಿದ ಬಿರಡೆ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಕೆಳಗಿನ ಗದ್ದೆ ನೋಡಿದೆ.

ಯಾರಿಗೂ ಹೇಳಬೇಡ ಎಂದು ಮೇಸ್ತ್ರಿಗೆ ತಾಕೀತು ಮಾಡಿ, ಮುಚ್ಚಳ ಹಾಕಿಸಿ, ಮೇಲೊಂದು ಬಂಡೆ ಉರುಳಿಸಿ ಬಂದೆ. ನಾಲ್ಕು ದಿನಕ್ಕೆ ಮತ್ತೆ ಹರಿವು ನಿಂತಿತು. ಬಂಡೆ ಪಕ್ಕಕ್ಕೆ ಸರಿದಿತ್ತು. ಎರಡನೆಯ ಬಿರಡೆ ಮೊದಲನೆಯದಕ್ಕಿಂತ ದಪ್ಪ, ನುಲಿಕೆ ಇನ್ನೂ ಬಿಗಿ. ಇದು ಹಠ ಎಂದುಕೊಂಡೆ. ಮುಚ್ಚಳಕ್ಕೆ ಸರಪಳಿ ಸುತ್ತಿಸಿ ಬೀಗ ಹಾಕಿ ಬೀಗದಕೈಯನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ.

ಆ ಭಾಗದ ತೂಬುಗಳನ್ನು ತೆಗೆದು ಮುಚ್ಚುವ ಸೌಡಿ ದಿನವೂ ನಾಲೆ ಏರಿಯ ಮೇಲೆ ಓಡಾಡುವವನು. ಕೆಳಗದ್ದೆಯವರು ಚೇಂಬರಿನ ಹತ್ತಿರ ಸುಳಿಯುತ್ತಾರಾ ಎಂದು ಅವನನ್ನು ಕೇಳಿದೆ.

"ಯಾರೂ ಬರಲ್ಲ ಕಣ್ ಮೇಡಮ್ಮೋರೆ. ಗದ್ದೆ ಅವ್ವ ಒಬ್ರೇ ಒತ್ತಾರೆಯಿಂದ ಬದು ಮ್ಯಾಲೆ ತಿರುಗ್ತಿರ್ತಾರೆ."

ಅವನ ಮಾತನ್ನು ಕಿವಿಗೆ ಹಾಕಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಗದ್ದೆ ಕಳೆದುಕೊಳ್ಳುವವರು ಗದ್ದೆಯಮ್ಮ, ಅವರ ಮೇಲೆ ಯಾರು ಅನುಮಾನಪಡುತ್ತಾರೆ? ಬದಲಿಗೆ ಸೌಡಿಯೂ ಕೆಳಗದ್ದೆಯವರ ಕಡೆಯವನಿರಬಹುದು ಎಂದುಕೊಂಡೆ.

ಅದೇ ದಿನ ಇನ್ನೊಂದನ್ನು ಕಂಡೆ. ಯಜಮಾನರು ತಮ್ಮ ಗದ್ದೆಯ ಮೂಲೆಯಲ್ಲಿ ಸಸಿ ಬೆಳೆಸುವ ಒಟ್ಲು ಹಾಕಿದ್ದರು. ಅವರ ಗದ್ದೆಗೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಅದೂ ಉಪ್ಪು ತಡೆಯುವ ತಳಿ. ಅವರ ಗದ್ದೆಯಲ್ಲಿ ಉಪ್ಪಿಲ್ಲ. ಹಾಗಿದ್ದ ಮೇಲೆ ಈ ಸಸಿ ಯಾವ ಗದ್ದೆಗೆ? ನನ್ನ ತಲೆ ಓಡಿತು. ಬಸಿಕೊಳವೆ ಕೆಡಿಸುವುದು, ಗದ್ದೆಯಮ್ಮ ಸೋತು ಕೈಚೆಲ್ಲುವುದು, ಇಟ್ಟಿಗೆಯವನಿಗಿಂತ ಮುಂಚೆ ಇವರೇ ಗದ್ದೆಯನ್ನು ಗುತ್ತಿಗೆಗೆ ಹಿಡಿದು ಸಸಿ ನೆಡುವುದು. ಎಲ್ಲವೂ ಎಷ್ಟು ಚೆನ್ನಾಗಿ ಕೂಡಿಕೊಂಡಿತು ಎಂದರೆ, ಅಷ್ಟು ಚೆನ್ನಾಗಿ ಕೂಡಿಕೊಂಡದ್ದರ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ.

ಮೂರನೆಯ ಬಿರಡೆ ಸಿಕ್ಕಿದ್ದು ಚೇಂಬರಿನಲ್ಲಲ್ಲ, ಬೀಗ ಹಾಗೇ ಇತ್ತು. ಹಳ್ಳದ ದಂಡೆಯಲ್ಲಿ, ಯಜಮಾನರ ಗದ್ದೆಯ ಅಂಚಿನಲ್ಲಿ, ಪೈಪಿನ ಕೊನೆಯ ಬಾಯಿಗೇ ಬಿರಡೆ ಒತ್ತಿ, ಅದಕ್ಕೊಂದು ಚಪ್ಪಡಿ ಕಲ್ಲು ಆನಿಸಿತ್ತು. ಇನ್ನೇನು ಸಾಕ್ಷಿ ಬೇಕು? ಮೂರನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಕೆರಗೋಡಿನ ಬಸ್ಸು ನಿಲ್ಲುವಲ್ಲಿಗೆ ಬಂದೆ. ಯಜಮಾನರು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಸುತ್ತ ಏಳೆಂಟು ಜನ ಇದ್ದರು. ಕವರನ್ನು ಅವರ ಪಕ್ಕದಲ್ಲಿ ಸುರಿದೆ.

"ಇದು ಯಾರ ಕೆಲಸ ಯಜಮಾನರೇ? ಹೆಂಗಸಿನ ಗದ್ದೆ ಹಾಳು ಮಾಡುವುದು ಕಳ್ಳತನಕ್ಕಿಂತ ಕಡೆ."

ಅವರು ಒಂದು ಬಿರಡೆ ಎತ್ತಿ ಮಣ್ಣು ಉದುರಿಸಿ, ಒಳಗಿನ ಹುಲ್ಲನ್ನು ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನನ್ನ ಮನಸ್ಸು ಹೇಳಿತು.

"ಇದ ನಾನ್ ಮಾಡಿದ್ದಲ್ಲ."

"ಮತ್ತೆ ಯಾರು?"

"ಅದ ನಾನ್ ಯೋಳಲ್ಲ."

"ಅಂದರೆ ನಿಮಗೆ ಗೊತ್ತಿದೆ."

"ಟೀ ಕುಡೀರಿ ಮೇಡಮ್ಮೋರೆ. ಆರೋಯ್ತದೆ."

ನಾನು ಟೀ ಮುಟ್ಟಲಿಲ್ಲ. ಮಂಡ್ಯದ ಕಚೇರಿಗೆ ಹೋಗಿ ಅವರ ಹೆಸರು ಹಾಕಿಯೇ ದೂರು ಬರೆದುಕೊಟ್ಟೆ. ಮೇಲಧಿಕಾರಿ ಓದಿ ಕನ್ನಡಕ ತೆಗೆದರು. "ಸರಿ. ವಿಚಾರಣೆ ಮಾಡೋಣ. ಅಲ್ಲಿವರೆಗೆ ಹೊರಗಿನ ಬಾಯಿ ಮುಚ್ಚಿಸಿ ಚೇಂಬರಿಗೆ ಸೀಲ್ ಹಾಕಿಬಿಡಿ. ಸೋಮವಾರ ಸಿಬ್ಬಂದಿ ಕಳಿಸ್ತೀನಿ."

"ಸೀಲ್ ಹಾಕಿದರೆ ನೀರು ಇಳಿಯುವುದಿಲ್ಲ ಸರ್. ನಾಟಿಗೆ ಇನ್ನು ಮೂರೇ ವಾರ ಇದೆ."

"ದೂರು ಕೊಟ್ಟವರು ನೀವೇ ಅಲ್ಲವೇ?" ಎಂದರು.

ಶನಿವಾರ ಬೆಳಿಗ್ಗೆ ಗದ್ದೆಯಮ್ಮನ ಮನೆಗೆ ಹೋದೆ. ಸೀಲಿನ ವಿಷಯ ಹೇಳಲೇಬೇಕಿತ್ತು. ನನ್ನ ಮಾತು ನಂಬಿ ಕೂತವರಿಗೆ ಈ ಕಾರಿನ ಬೆಳೆ ಕೈ ತಪ್ಪಬಹುದು ಎಂದು ಹೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ಅವರು ಹಟ್ಟಿಯ ಮುಂದೆ ಗೊಬ್ಬರದ ಮಂಕರಿ ತುಂಬಿಸಿಟ್ಟು, ತಲೆಯ ಮೇಲಿಡಲು ಹುಲ್ಲಿನ ಸಿಂಬೆ ಮಾಡುತ್ತಿದ್ದರು. ಒಂದು ಹಿಡಿ ಹುಲ್ಲು ತೆಗೆದು, ನೀರು ಚಿಮುಕಿಸಿ, ಎಡಕ್ಕೆ ನುಲಿದು, ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ ಹೆಬ್ಬೆರಳಿನಿಂದ ಒತ್ತಿದರು.

ಆ ತುದಿಯನ್ನು ನಾನು ಬಲ್ಲೆ. ಮೂರು ಸಲ ನೋಡಿದ್ದೆ. ಎಡಕ್ಕೆ ನುಲಿದ ಹುಲ್ಲು, ಒಳಗಿನಿಂದ ತೂರಿಸಿದ ತುದಿ. ಮೇಲಿನ ಜೇಡಿ ತೆಗೆದರೆ ಆ ಬಿರಡೆಗಳೆಲ್ಲ ಸಿಂಬೆಗಳೇ. ಟೀ ಅಂಗಡಿಯಲ್ಲಿ ಯಜಮಾನರು ಮಣ್ಣು ಉದುರಿಸಿ ಅಷ್ಟು ಹೊತ್ತು ನೋಡಿದ್ದು ಅದನ್ನೇ. ನಾನು ಹಟ್ಟಿಯ ಕಲ್ಲಿನ ಮೇಲೆ ಕೂತೆ.

"ಅಮ್ಮ, ಚೇಂಬರಿನ ಪೈಪಿಗೆ ಹುಲ್ಲು ತುರುಕಿದ್ದು..."

"ನಾನೇ ಕಣವ್ವ." ಅವರು ತಲೆ ಎತ್ತಲೂ ಇಲ್ಲ. "ಯಾಕೆ, ಮತ್ತೆ ಕಿತ್ತೋಯ್ತಾ? ಆ ತೂತಲ್ಲಿ ನೀರ್ ರಭಸ ಜಾಸ್ತಿ. ಎರಡ್ ಕಿತ ಒಡ್ಕೊಂಡೋಯ್ತು. ಆಮ್ಯಾಕೆ ಯಾರೋ ಬೀಗ ಬ್ಯಾರೆ ಜಡ್ದವ್ರೆ. ಅದ್ಕೆ ಹಳ್ಳದ್ ಕಡೆಯಿಂದ್ಲೇ ಮುಚ್ಚಿ ಕಲ್ ಆನಿಸ್ದೆ."

"ಯಾಕಮ್ಮ ಮುಚ್ಚಿದಿರಿ?"

ಈಗ ತಲೆ ಎತ್ತಿದರು. ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ನೀವೇ ಅಂದ್ರಲ್ಲ, ಗದ್ದೆ ತುಂಬ ನೀರ್ ನಿಲ್ಸು ಅಂತ. ಬದು ಮ್ಯಾಲಿನ್ ನಳ್ಳಿ ಬಿಲ ಎಲ್ಲ ಮುಚ್ದೆ. ಆದ್ರೂವೆ ನೀರ್ ಕಮ್ಮಿ ಆಯ್ತಿತ್ತು. ಎಲ್ಲೋಯ್ತದೆ ಅಂತ ಕಿವಿ ಕೊಟ್ಕೊಂಡು ಬಂದ್ರೆ ಆ ಮುಚ್ಚಳದ್ ಕೆಳ್ಗೆ ಜೊರಜೊರ ಅಂತಿತ್ತು. ಆರೆ ಆಕಿ ಎತ್ತಿ ನೋಡುದ್ರೆ ಇಷ್ಟಗಲ ತೂತು. ನಾಲೆ ನೀರು ಸಿಕ್ಕೋದೇ ಕಷ್ಟ, ಇಂಗೆ ಸೋರಿ ಹಳ್ಳ ಸೇರುದ್ರೆ ಒಟ್ಟೆ ಉರಿಯಲ್ವಾ?"

ಭತ್ತದ ಸೀಮೆಯಲ್ಲಿ ಬೆಳಗಾಗೆದ್ದು ಬದುವಿನ ಮೇಲೆ ನಡೆದು ಏಡಿ ಕೊರೆದ ಬಿಲಗಳನ್ನು ಹುಲ್ಲು ಜೇಡಿ ಹಾಕಿ ತುಳಿಯುವುದು ಹಲ್ಲುಜ್ಜಿದಷ್ಟೇ ಸಹಜ. ಐವತ್ತು ವರ್ಷ ಆ ಕೆಲಸ ಮಾಡಿದ ಕೈ ಅದು. ಗದ್ದೆಯಿಂದ ನೀರು ಸೋರುವ ತೂತು ಕಂಡರೆ ಮುಚ್ಚದೆ ಹೇಗಿರುತ್ತದೆ?

"ಹಾಗಾದರೆ ಉಪ್ಪು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿರಿ?"

"ಪೈಪಿಗ್ ಬಿಳಿ ಬಟ್ಟೆ ಸುತ್ತಿ ಊತ್ರಲ್ಲ. ಆ ಬಟ್ಟೆ ಉಪ್ಪ ಇಡ್ಕತದೆ ಅನ್ಕಂಡೆ. ನೀವೇನ್ ಬುಡಿಸಿ ಯೋಳ್ಲಿಲ್ಲ. ಕೆಳಗಿನ್ದು ನನಗ್ ಬುಡು ಅಂದ್ರಿ."

ಅಂದಿದ್ದೆ. ಯಾರಾದರೂ ಕೆಡಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡವಳು ನಾನು. ನಾನು ಬಾಯಿ ಮುಚ್ಚಿಕೊಂಡದ್ದಕ್ಕೇ ಅವರು ಪೈಪಿನ ಬಾಯಿ ಮುಚ್ಚಿದರು. ಪ್ರತಿ ಸಲ ಬಿರಡೆ ದಪ್ಪವಾಗಿದ್ದು ಹಠಕ್ಕಲ್ಲ, ಗದ್ದೆಯ ಮೇಲಿನ ಕಾಳಜಿಗೆ. ಅವರು ಸಿಂಬೆ ಕೆಳಗಿಟ್ಟು ನೀರು ತಂದುಕೊಟ್ಟರು.

ಉಪ್ಪು ಕರಗಿದ ನೀರು ಆ ತೂತಿನಿಂದಲೇ ಹಳ್ಳಕ್ಕೆ ಹೋಗಬೇಕು ಎಂದು ಗದ್ದೆಯಮ್ಮನಿಗೆ ಬಿಡಿಸಿ ಹೇಳಿದೆ. "ಅಂಗಾರೆ ನನ್ ಗದ್ದೆ ನಾನೇ ಕೊಂದ್ನಾ?" ಎಂದರು.

"ಇಲ್ಲಮ್ಮ. ಹತ್ತು ಹನ್ನೆರಡು ದಿನ ಕಳೆದೆವು ಅಷ್ಟೆ. ತಪ್ಪು ನನ್ನದು" ಎಂದೆ. ಆ ಹನ್ನೆರಡು ದಿನ ಸಣ್ಣದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಲ್ಲಿಂದ ನೇರ ಯಜಮಾನರ ಗದ್ದೆಗೆ ಹೋದೆ. ಅವರು ಒಟ್ಲಿಗೆ ನೀರು ಹಾಯಿಸುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೇನೆ, ಕ್ಷಮಿಸಿ ಎಂದೆ. ಅವರು ಗುದ್ದಲಿಯ ಮೇಲೆ ಕೈಯಿಟ್ಟು ನಿಂತರು.

"ಅಕ್ಕ ಹಳ್ಳದ್ ತಾವ ಹುಲ್ಲು ಒತ್ತೋದ ನಾನ್ ಕಂಡೆ. ಯಾಕಕ್ಕ ಅಂದ್ರೆ, ಮೇಡಮ್ಮೋರೇ ನೀರ್ ನಿಲ್ಸು ಅಂದವ್ರೆ ಅಂದ್ಲು. ಆಗ ನಂಗೆ ನಿಮ್ಮೇಲೇ ಅನುಮಾನ ಬಂತು. ಮುಚ್ಸೋರೂ ಇವ್ರೇ, ಬಂದು ಬೀಗ ಆಕೋರೂ ಇವ್ರೇ. ಪೈಪು ಕೆಲ್ಸ ಮಾಡ್ಲಿಲ್ಲ ಅಂತ ತೋರ್ಸಿ ನನ್ ತಲೆಗ್ ಕಟ್ತಾವ್ರೆ ಅನ್ಕಂಡೆ. ಅಂಗೇ ಆಯ್ತಲ್ಲ."

"ಅವತ್ತು ಟೀ ಅಂಗಡಿಯಲ್ಲಿ ಹೇಳಬಹುದಿತ್ತಲ್ಲ ಯಜಮಾನರೇ."

"ಯೋಳುದ್ರೆ ಅಕ್ಕನ್ ಮ್ಯಾಲೆ ದೂರು ಬರೀತಿದ್ರಿ. ಅವಳ್ ಮೈದ ಇಟ್ಗೆಯೋನ ಕರ್ಕಬತ್ತಿದ್ದ. ನನ್ ಗದ್ದೆ ಮಗ್ಗುಲಲ್ಲಿ ಆಳುದ್ದ ಗುಂಡಿ ಬಿದ್ರೆ ನನ್ ಬದು ನಿಲ್ತದಾ? ಅದ ನೀವು ಒಂದ್ಕಿತನಾದ್ರೂ ಯೋಚ್ನೆ ಮಾಡುದ್ರಾ?"

ಮಾಡಿರಲಿಲ್ಲ. ಆ ಗದ್ದೆ ಗದ್ದೆಯಾಗಿಯೇ ಉಳಿಯಬೇಕೆಂದು ಗದ್ದೆಯಮ್ಮನಷ್ಟೇ ಬಯಸಿದವರು ಅವರೊಬ್ಬರೇ. ಅಷ್ಟು ಅಳೆದವಳು ಅದನ್ನು ಅಳೆದಿರಲಿಲ್ಲ.

"ಈ ಒಟ್ಲು?" ಎಂದೆ. ಕೇಳುವ ಮುಂಚೆಯೇ ಉತ್ತರ ಗೊತ್ತಾಗಿತ್ತು.

"ಅಕ್ಕಂದು. ಅವಳ್ ಗದ್ದೇಲಿ ಸಸಿ ಏಳಲ್ವಲ್ಲ. ಉಪ್ ತಡಿಯೋ ಬಿತ್ನೆ ಅಂತ ನಾನೇ ಮಂಡ್ಯಕ್ಕೋಗಿ ತಂದೆ."

ಸೋಮವಾರ ಬೆಳಿಗ್ಗೆ ಕಚೇರಿ ತೆಗೆಯುವ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ. ದೂರು ವಾಪಸ್ ಪಡೆಯುವ ಕಾಗದದಲ್ಲಿ, ಫಲಾನುಭವಿಗೆ ಏರ್ಪಾಟಿನ ವಿವರ ಕೊಡದಿದ್ದದ್ದು ನನ್ನ ಲೋಪ ಎಂದು ಬರೆದಿದ್ದೆ. ಇದು ನಿಮ್ಮ ಕಡತದಲ್ಲಿ ಉಳಿಯುತ್ತದೆ, ಮೌಖಿಕವಾಗಿ ಹೇಳಿದರೂ ಸಾಕು ಎಂದು ಮೇಲಧಿಕಾರಿ ಒಳ್ಳೆಯ ಮಾತಿನಲ್ಲೇ ಹೇಳಿದರು. ಬಾಯಿಮಾತಿಗೆ ಸೀಲು ಹಾಕುವುದು ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ ನನಗೆ. ಕಾಗದ ತೆಗೆದುಕೊಳ್ಳಿ ಸರ್ ಎಂದೆ. ಸೀಲು ಹಾಕುವ ಸಿಬ್ಬಂದಿ ಹೊರಡಲಿಲ್ಲ. ಆ ಒಂದು ಅನುಮಾನಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪಪಡುವುದಿಲ್ಲ.

ಮಧ್ಯಾಹ್ನ ಊರಿಗೆ ಹೋಗಿ ಚೇಂಬರಿನ ಮುಚ್ಚಳ ತೆಗೆಸಿದೆ. ಗದ್ದೆಯಮ್ಮ, ಮೈದುನ, ಯಜಮಾನರು, ಸೌಡಿ, ಇನ್ನೂ ಹತ್ತು ಜನ ಸೇರಿದ್ದರು. ಬಟ್ಟೆಗೆ ಹಾಕುವ ನೀಲಿಯ ಒಂದು ಬಾಟಲಿಯನ್ನು ಚೇಂಬರಿಗೆ ಸುರಿದು, ಎಲ್ಲರನ್ನೂ ಹಳ್ಳದ ದಂಡೆಗೆ ಕರೆದುಕೊಂಡು ಹೋದೆ. ಬೀಳುತ್ತಿದ್ದ ನೀರು ನೋಡನೋಡುತ್ತ ನೀಲಿಯಾಯಿತು. ಗದ್ದೆಯಮ್ಮ ನೀಲಿ ಕಳೆಯುವವರೆಗೆ ಕಾದು, ಬೊಗಸೆಯೊಡ್ಡಿ, ನಾಲಿಗೆಗೆ ಮುಟ್ಟಿಸಿ ಉಗಿದರು.

"ಥೂ. ಇಷ್ಟ ಉಪ್ಪ ನಾನ್ ಒಳ್ಗೇ ಮಡಿಕ್ಕೊಂಡಿದ್ನಾ" ಎಂದರು. ಎಲ್ಲರೂ ನಕ್ಕರು. ಮೈದುನ ಮಾತ್ರ ನಗದೆ, ತಾನೂ ಬೊಗಸೆಯೊಡ್ಡಿ ರುಚಿ ನೋಡಿದ.

ಆಮೇಲಿನ ದಿನಗಳನ್ನು ಉಸಿರು ಹಿಡಿದು ಕಳೆದೆವು. ಎರಡು ಸಲ ನೀರು ತುಂಬಿ ಇಳಿಸಿದೆವು. ಮೂರನೆಯ ಸಲಕ್ಕೆ ನಾಲೆ ನೀರಿನ ಸರದಿ ತಡವಾಯಿತು. ಮಣ್ಣಿನ ಉಪ್ಪು ನಾನು ಬಯಸಿದಷ್ಟು ಇಳಿಯಲಿಲ್ಲ, ಮೇಲಿನ ಮೂಲೆಯಲ್ಲಿ ಬಿಳಿ ಇನ್ನೂ ಉಳಿದಿತ್ತು. ಆ ತಳಿಗೆ ಇಷ್ಟು ಸಾಕು, ನೆಡೋಣ ಎಂದು ನಿರ್ಧರಿಸಿದೆವು. ಒಟ್ಲಿನಿಂದ ಕಿತ್ತ ಸಸಿ ಮುಕ್ಕಾಲು ಎಕರೆಗೆ ಇಳಿಯಿತು. ಇಪ್ಪತ್ತನೆಯ ದಿನ ಹೋದಾಗ ಪೈರು ಹಸಿರಾಗಿ ಕವಲೊಡೆದು ನಿಂತಿತ್ತು. ಮೂಲೆಯ ಗೂಟಗಳು ಇರಲಿಲ್ಲ. ಯಾರು ಕಿತ್ತರು ಎಂದು ನಾನು ಕೇಳಲಿಲ್ಲ. ಗದ್ದೆಯಮ್ಮನ ಹಟ್ಟಿಯಲ್ಲಿ ಎಮ್ಮೆ ಕಟ್ಟಿದ್ದ ಗೂಟ ಹೊಸದಾಗಿತ್ತು.

ಚೇಂಬರಿನ ಬೀಗದಕೈ ಇನ್ನೂ ನನ್ನ ಚೀಲದಲ್ಲೇ ಇತ್ತು. ಅಂದು ಅದನ್ನು ತೆಗೆದು ಯಜಮಾನರ ಮುಂದೆ ಹಿಡಿದೆ. ಹೂಳು ತೆಗೆಯಲು, ಬಾಯಿ ನೋಡಿಕೊಳ್ಳಲು ನಿಮಗಿಂತ ಸರಿಯಾದವರು ಇಲ್ಲ ಎಂದೆ. ಅವರು ಕೈ ಚಾಚಲಿಲ್ಲ.

"ಮೊದ್ಲು ಮುಚ್ಚಳ ತೆಗೀರಿ. ಒಳ್ಗೆ ನೀರ್ ಓಯ್ತಾ ಅದೆ ಅಂತ ನೀವೇ ನೋಡಿ. ಆಮ್ಯಾಕೆ ಒಂದ್ ಕಾಗ್ದದ್ ಮ್ಯಾಲೆ ಬರ್ಕೊಡಿ. ಇಂತಾ ದಿನ, ಪೈಪಿನ ಬಾಯಿ ತೆಗ್ದಿತ್ತು, ನೀರ್ ಅರೀತಿತ್ತು, ಬೀಗದಕೈ ನಾನೇ ಕೊಟ್ಟೆ ಅಂತ. ನಾಳೆ ನಿಂತೋದ್ರೆ ಟೀ ಅಂಗ್ಡಿಗೆ ಬಂದು ನನ್ ಪಕ್ಕ ಹುಲ್ಲು ಸುರೀಬಾರ್ದು ನೋಡಿ."

ಮುಚ್ಚಳ ತೆಗೆದೆ. ನೋಡಿದೆ. ಬದುವಿನ ಮೇಲೆ ಕೂತು, ಮಟ್ಟದ ಪುಸ್ತಕದಿಂದ ಒಂದು ಹಾಳೆ ಹರಿದು, ಅವರು ಹೇಳಿದಂತೆಯೇ ಬರೆದು ಸಹಿ ಮಾಡಿ ಕೊಟ್ಟೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದರು.

"ತಾರೀಕು ಆಕಿಲ್ಲ" ಎಂದು ಹಾಳೆಯನ್ನು ವಾಪಸ್ ಕೊಟ್ಟರು.